ವರ್ಷಕ್ಕೆ ಎಷ್ಟು ಕಾಂಕ್ರೀಟ್ ಹಾಸಿದಿರಿ? ನೆಲದ ಗುತ್ತಿಗೆಗೆ ಹೊಸದಾಗಿ ಇಳಿದವರಿಗೆ ಲೆಕ್ಕದ ಪಾಠ

ಕಾಫಿ ಕಣ, ಅಡಿಕೆ ಅಂಗಳ, ಗೋದಾಮಿನ ನೆಲ, ಮನೆಯ ಮುಂದಿನ ಪಾರ್ಕಿಂಗ್, ಊರೊಳಗಿನ ಸಿಸಿ ರಸ್ತೆ. ನೆಲಕ್ಕೆ ಕಾಂಕ್ರೀಟ್ ಹಾಸುವ ಇಂಥ ಕೆಲಸಗಳನ್ನೇ ಹಿಡಿದು ಹೊಸದಾಗಿ ಗುತ್ತಿಗೆ ಶುರುಮಾಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರು ಮೇಸ್ತ್ರಿಯಾಗಿ ದುಡಿದು ಬಂದವರು. ಮಟ್ಟಗೋಲು ಎಳೆಯುವುದನ್ನಾಗಲಿ, ನೀರು ಹೆಚ್ಚಾದ ಮಾಲನ್ನು ಕಣ್ಣಲ್ಲೇ ಗುರುತಿಸುವುದನ್ನಾಗಲಿ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾದದ್ದು ಬೇರೆ ಇದೆ. “ಹೋದ ವರ್ಷ ಎಷ್ಟು ಕೆಲಸ ಮಾಡಿದಿರಿ?” ಎಂದು ಯಾರಾದರೂ ಕೇಳಿದರೆ ಹೆಚ್ಚಿನವರು ರೂಪಾಯಿಯಲ್ಲಿ ಉತ್ತರ ಕೊಡುತ್ತಾರೆ. ಇಲ್ಲವೇ “ಹತ್ತು ಹದಿನೈದು ಸೈಟ್ ಆಗಿರಬೇಕು” ಎನ್ನುತ್ತಾರೆ. ಇವೆರಡರಿಂದಲೂ ನಿಮ್ಮ ಕೆಲಸದ ಅಳತೆ ಸಿಗುವುದಿಲ್ಲ.

ರೂಪಾಯಿಯ ಲೆಕ್ಕ ಯಾಕೆ ಸಾಲದು ಎಂಬುದನ್ನು ಮೊದಲು ನೋಡೋಣ. ಒಂದು ಅಂಗಳವನ್ನು ನೀವು ಸಿಮೆಂಟು, ಜಲ್ಲಿ, ಎಂ-ಸ್ಯಾಂಡ್ ಎಲ್ಲ ತಂದು ಮಾಡಿಕೊಟ್ಟಿರಿ. ಇನ್ನೊಂದು ಅಂಗಳಕ್ಕೆ ಸಾಮಾನು ಮಾಲೀಕರದು, ನಿಮ್ಮದು ಕೂಲಿ ಮಾತ್ರ. ವಿಸ್ತೀರ್ಣ ಒಂದೇ, ಬೆವರೂ ಒಂದೇ. ಆದರೆ ಬಿಲ್ಲಿನಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತದೆ. ಸಿಮೆಂಟಿನ ದರ ಏರಿದ ವರ್ಷ ನಿಮ್ಮ ವಹಿವಾಟು ಏರುತ್ತದೆ, ಆದರೆ ಕೆಲಸ ಕಡಿಮೆಯಾಗಿಯೇ ಇರಬಹುದು. ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕಾದರೆ ದರ ಏರಿದರೂ ಇಳಿದರೂ ಬದಲಾಗದ ಅಳತೆ ಬೇಕು. ನೆಲದ ಕೆಲಸದಲ್ಲಿ ಅಂಥವು ಎರಡಿವೆ: ಎಷ್ಟು ಚದರಡಿ ಹಾಸಿದಿರಿ, ಎಷ್ಟು ಘನ ಮೀಟರ್ ಕಾಂಕ್ರೀಟ್ ಹೋಯಿತು.

ಎರಡನ್ನೂ ಬರೆಯಬೇಕು, ಒಂದೇ ಸಾಲಿನಲ್ಲಿ ಬರೆಯಬೇಕು. ಕೈಕೆಲಸ ಹೆಚ್ಚುಕಡಿಮೆ ಚದರಡಿಯ ಮೇಲೆ ನಡೆಯುತ್ತದೆ. ಮಟ್ಟ ಮಾಡುವುದು, ಉಜ್ಜುವುದು, ಗ್ರೂವ್ ಹೊಡೆಯುವುದು, ನೀರುಣಿಸುವುದು ಎಲ್ಲವೂ ಮೇಲ್ಮೈಯ ಕೆಲಸ. ಸಾಮಾನಿನ ಖರ್ಚು ಘನ ಅಳತೆಯ ಮೇಲೆ ನಡೆಯುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆದರೆ ನಷ್ಟ ಎಲ್ಲಿ ಆಯಿತು ಎಂಬುದು ವರ್ಷದ ಕೊನೆಗೂ ಗೊತ್ತಾಗುವುದಿಲ್ಲ.

ಅಳತೆಗಳ ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡೋಣ. ಖಾಸಗಿಯವರು ಚದರಡಿಯಲ್ಲಿ ಮಾತಾಡುತ್ತಾರೆ. ಬೆಂಗಳೂರು ಕಡೆ 100 ಚದರಡಿಗೆ ಒಂದು ಚದರ ಎನ್ನುತ್ತಾರೆ. ಜಲ್ಲಿ, ಮರಳನ್ನು ಹಲವೆಡೆ ಬ್ರಾಸ್‌ನಲ್ಲಿ ಮಾರುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಲೋಕೋಪಯೋಗಿ ಇಲಾಖೆ, ಪಂಚಾಯಿತಿ, ರೆಡಿಮಿಕ್ಸ್ ಪ್ಲಾಂಟುಗಳದು ಘನ ಮೀಟರ್. ಒಂದು ಘನ ಮೀಟರ್ ಎಂದರೆ 35.31 ಘನ ಅಡಿ, ಒಂದು ಚದರ ಮೀಟರ್ ಎಂದರೆ 10.76 ಚದರಡಿ. ಅಮೆರಿಕದವರ ವಿಡಿಯೊಗಳಲ್ಲಿ ಕಾಂಕ್ರೀಟನ್ನು ‘ಯಾರ್ಡ್’ ಲೆಕ್ಕದಲ್ಲಿ ಹೇಳುತ್ತಾರೆ. ಅದು ಘನ ಗಜ, ಅಂದರೆ 27 ಘನ ಅಡಿ. ನಮ್ಮ ಘನ ಮೀಟರಿಗಿಂತ ಚಿಕ್ಕದು. ನೀವು ಮಾಲೀಕರ ಹತ್ತಿರ ಯಾವ ಅಳತೆಯಲ್ಲಿ ಬೇಕಾದರೂ ಮಾತಾಡಿ, ಪುಸ್ತಕದಲ್ಲಿ ಮಾತ್ರ ವರ್ಷವಿಡೀ ಒಂದೇ ಅಳತೆ ಇರಲಿ. ವಿಸ್ತೀರ್ಣಕ್ಕೆ ಚದರಡಿ, ಗಾತ್ರಕ್ಕೆ ಘನ ಮೀಟರ್ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. 4 ಅಂಗುಲ ದಪ್ಪದ ನೆಲಕ್ಕೆ ಒಂದು ಘನ ಮೀಟರ್ ಸುಮಾರು 106 ಚದರಡಿಗೆ ಬರುತ್ತದೆ. ಇದೊಂದು ಅಂಕಿ ಬಾಯಿಪಾಠವಾಗಿರಲಿ.

ಈಗ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಚಿಕ್ಕಮಗಳೂರು ಕಡೆಯ ಒಂದು ತೋಟದಲ್ಲಿ 60 ಅಡಿ ಉದ್ದ, 40 ಅಡಿ ಅಗಲದ ಕಾಫಿ ಕಣ ಎಂದಿಟ್ಟುಕೊಳ್ಳಿ. ದಪ್ಪ 4 ಅಂಗುಲ. ವಿಸ್ತೀರ್ಣ 2,400 ಚದರಡಿ. 4 ಅಂಗುಲ ಎಂದರೆ ಅಡಿಯಲ್ಲಿ ಮೂರನೇ ಒಂದು ಪಾಲು, ಹಾಗಾಗಿ 800 ಘನ ಅಡಿ, ಅಂದರೆ 8 ಬ್ರಾಸ್ ಅಥವಾ 22.65 ಘನ ಮೀಟರ್. ಎಂ-20ಕ್ಕೆಂದು 1:1.5:3ರ ಪ್ರಮಾಣದಲ್ಲಿ ಕಲಸಿದರೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು ಬೇಕು. ಒಟ್ಟು ಸುಮಾರು 181 ಚೀಲ. ಇಷ್ಟು ಕಾಗದದ ಮೇಲಿನ ಲೆಕ್ಕ.

ನೆಲದ ಮೇಲೆ ಏನಾಗುತ್ತದೆ? ಮಣ್ಣನ್ನು ಮಟ್ಟ ಮಾಡುವಾಗ ಸರಾಸರಿ ಅರ್ಧ ಅಂಗುಲ ಹೆಚ್ಚು ಕೆರೆದುಬಿಟ್ಟರು ಅನ್ನಿ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ 2,400 ಚದರಡಿಗೆ ಅರ್ಧ ಅಂಗುಲ ಎಂದರೆ 100 ಘನ ಅಡಿ, ಪೂರ್ತಿ ಒಂದು ಬ್ರಾಸ್. ಚೀಲದ ಲೆಕ್ಕದಲ್ಲಿ ಸುಮಾರು 23 ಚೀಲ ಸಿಮೆಂಟು ಮಣ್ಣಿನೊಳಗೆ ಹೋಯಿತು. ಮಾಲೀಕರು ಕೊಡುವುದು ಚದರಡಿಯ ದರ, ಆದ್ದರಿಂದ ಈ 23 ಚೀಲದ ಹಣ ನಿಮ್ಮ ಕೈಯಿಂದಲೇ.

ಇದಕ್ಕಿಂತ ದೊಡ್ಡ ಸೋರಿಕೆ ಇಳಿಜಾರಿನದು. ಕಣದಲ್ಲಿ ನೀರು ನಿಲ್ಲಬಾರದೆಂದು ನೂರಕ್ಕೆ ಒಂದರಷ್ಟು ಇಳಿಜಾರು ಕೊಡುತ್ತೀರಿ. 40 ಅಡಿ ಅಗಲಕ್ಕೆ ಅದು ಹೆಚ್ಚುಕಡಿಮೆ 5 ಅಂಗುಲವಾಗುತ್ತದೆ. ಕೆಳಗಿನ ಮಣ್ಣನ್ನು ಸಪಾಟಾಗಿ ಮಾಡಿ, ಇಳಿಜಾರನ್ನು ಕಾಂಕ್ರೀಟಿನ ಮೇಲ್ಮೈಯಲ್ಲಿ ಮಾತ್ರ ಕೊಟ್ಟರೆ ಒಂದು ಅಂಚಿನಲ್ಲಿ 4 ಅಂಗುಲ, ಇನ್ನೊಂದು ಅಂಚಿನಲ್ಲಿ 9 ಅಂಗುಲದ ಹತ್ತಿರ ದಪ್ಪ ಬರುತ್ತದೆ. ಸರಾಸರಿ ಸುಮಾರು 2.4 ಅಂಗುಲ ಹೆಚ್ಚು. ಅಂದರೆ 480 ಘನ ಅಡಿ, 13.6 ಘನ ಮೀಟರ್, ನೂರಕ್ಕೂ ಮೇಲ್ಪಟ್ಟು ಚೀಲ. ಇಳಿಜಾರನ್ನು ಮಣ್ಣಿನಲ್ಲೇ ಕೊಡಬೇಕು, ಮೇಲೆ ದಪ್ಪ ಎಲ್ಲ ಕಡೆ ಒಂದೇ ಇರಬೇಕು. ಅನುಭವಿ ಮೇಸ್ತ್ರಿಗಳಿಗೆ ಇದು ಗೊತ್ತಿರುತ್ತದೆ. ಆದರೂ ಮಳೆ ಬರುವ ಅವಸರದಲ್ಲಿ, ಜೆಸಿಬಿ ಗಂಟೆಯ ಬಾಡಿಗೆ ಉಳಿಸುವ ಯೋಚನೆಯಲ್ಲಿ ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟುಹೋದದ್ದನ್ನು ತೋರಿಸಿಕೊಡುವುದು ಪುಸ್ತಕವೇ.

ಅದಕ್ಕಾಗಿ ಪ್ರತಿ ದಿನ ಒಂದು ಸಾಲು ಬರೆಯಿರಿ. ತಾರೀಖು, ಸೈಟಿನ ಹೆಸರು, ಅಂದು ಹಾಸಿದ ಭಾಗದ ಉದ್ದ, ಅಗಲ, ದಪ್ಪ, ಚದರಡಿ, ಘನ ಮೀಟರ್, ಖರ್ಚಾದ ಚೀಲ, ಆಳುಗಳ ಸಂಖ್ಯೆ. ಕೊನೆಗೆ ಒಂದೆರಡು ಮಾತಿಗೆ ಜಾಗ. ಇಲಾಖೆಯ ಅಳತೆ ಪುಸ್ತಕ, ಎಲ್ಲರೂ ಎಂ.ಬಿ. ಎನ್ನುತ್ತಾರಲ್ಲ, ಅದೂ ಸಂಖ್ಯೆ, ಉದ್ದ, ಅಗಲ, ಆಳ, ಪರಿಮಾಣ ಎಂದೇ ಸಾಗುತ್ತದೆ. ಅದೇ ಕ್ರಮ ಹಿಡಿದರೆ ಮುಂದೆ ಸರ್ಕಾರಿ ಕೆಲಸಕ್ಕೆ ಹೋದಾಗ ಎಂಜಿನಿಯರ್ ಬರೆದ ಅಳತೆಯನ್ನು ನಿಮ್ಮ ಅಳತೆಯ ಪಕ್ಕದಲ್ಲಿಟ್ಟು ಓದಬಹುದು. ಅಳತೆಯ ನಿಯಮ ಐಎಸ್ 1200ರಲ್ಲಿದೆ: ಉದ್ದ ಅಗಲಗಳು ಒಂದು ಸೆಂಟಿಮೀಟರಿನವರೆಗೆ, ಸ್ಲ್ಯಾಬಿನ ದಪ್ಪ ಅರ್ಧ ಸೆಂಟಿಮೀಟರಿನವರೆಗೆ. ಕಾಂಕ್ರೀಟಿನ ನಡುವೆ ಬಿಟ್ಟ ಸಣ್ಣ ತೂತುಗಳನ್ನು, 0.1 ಚದರ ಮೀಟರಿನವರೆಗೆ, ಕಳೆಯುವ ಹಾಗಿಲ್ಲ. ಎಷ್ಟೋ ಹೊಸ ಗುತ್ತಿಗೆದಾರರು ಚರಂಡಿಯ ಚಿಕ್ಕ ಚೇಂಬರಿಗೂ ಅಳತೆ ಕಳೆದಾಗ ಸುಮ್ಮನೆ ಒಪ್ಪಿಕೊಳ್ಳುತ್ತಾರೆ. ನಿಯಮ ಗೊತ್ತಿದ್ದರೆ ಕೇಳಬಹುದು.

ಆ ಸಾಲನ್ನು ಅಂದಿನ ಸಂಜೆಯೇ ಬರೆಯಬೇಕು. ವಾರದ ಕೊನೆಗೆ ನೆನಪಿನಿಂದ ಬರೆದದ್ದು ಅಳತೆಯಾಗುವುದಿಲ್ಲ, ಅಂದಾಜಾಗುತ್ತದೆ. ದಪ್ಪವನ್ನಂತೂ ಹಾಸುತ್ತಿರುವಾಗಲೇ ನೋಡಬೇಕು. ಗುರುತು ಹಾಕಿದ ಒಂದು ಕಂಬಿಯನ್ನು ಹಸಿ ಕಾಂಕ್ರೀಟಿಗೆ ನಾಲ್ಕೈದು ಕಡೆ ಚುಚ್ಚಿ, ಬಂದ ಅಳತೆಗಳನ್ನು ಬರೆದುಕೊಂಡು ಸರಾಸರಿ ತೆಗೆಯಿರಿ. ಗಟ್ಟಿಯಾದ ಮೇಲೆ ಅದನ್ನು ತಿಳಿಯಲು ಕೊರೆಯಬೇಕಾಗುತ್ತದೆ. ಅಂಚಿನ ಪಟ್ಟಿಯ ಎತ್ತರ ನೋಡಿ ದಪ್ಪ ಬರೆಯುವ ಅಭ್ಯಾಸ ಬೇಡ. ಅಂಚಿನಲ್ಲಿ 4 ಅಂಗುಲ ಇದ್ದು ನಡುವೆ 5 ಇರುವುದು ಬಹಳ ಸಾಮಾನ್ಯ.

ರೆಡಿಮಿಕ್ಸ್ ತರಿಸಿದರೆ ಪ್ರತಿ ಗಾಡಿಯ ಜೊತೆ ಚಲನ್ ಬರುತ್ತದೆ. ಅದರಲ್ಲಿ ಗ್ರೇಡು, ಗಾತ್ರ, ಪ್ಲಾಂಟ್ ಬಿಟ್ಟ ಸಮಯ ಎಲ್ಲ ಇರುತ್ತದೆ. ಚಲನ್‌ಗಳನ್ನು ಆಯಾ ದಿನದ ಪುಟಕ್ಕೆ ಪಿನ್ ಮಾಡಿ. ಗಾಡಿಯಲ್ಲಿ 6 ಘನ ಮೀಟರ್ ಬಂತೋ ಇಲ್ಲವೋ ಎಂಬ ಅನುಮಾನ ಇದ್ದರೆ ಜಗಳ ಬೇಕಿಲ್ಲ, ವೇ ಬ್ರಿಡ್ಜ್ ಸಾಕು. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದು 2,400ರಿಂದ ಭಾಗಿಸಿ. ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2,400 ಕಿಲೋ, ಹಾಗಾಗಿ 6 ಘನ ಮೀಟರ್ ಎಂದರೆ 14,400 ಕಿಲೋದ ಆಸುಪಾಸು ಇರಬೇಕು. ಬಂದದ್ದು ಎಷ್ಟು, ನೆಲದಲ್ಲಿ ಅಳೆದದ್ದು ಎಷ್ಟು ಎಂದು ಎರಡನ್ನೂ ಬರೆಯಿರಿ. ಉಳಿದು ವಾಪಸು ಹೋದದ್ದನ್ನೋ ಪಕ್ಕದ ಗುಂಡಿಗೆ ಸುರಿದದ್ದನ್ನೋ ನಿಮ್ಮ ಉತ್ಪಾದನೆಗೆ ಸೇರಿಸಬೇಡಿ.

ವರ್ಷದ ಉತ್ಪಾದನೆಗೆ ಏನೇನು ಸೇರಬೇಕು ಎಂಬ ಪ್ರಶ್ನೆಯನ್ನು ಹೊಸಬರು ತಪ್ಪದೆ ಕೇಳುತ್ತಾರೆ. ನಿಮ್ಮ ಜನ ಹಾಸಿದ್ದೆಲ್ಲ ಸೇರಲಿ, ಸಾಮಾನು ಯಾರದ್ದೇ ಆಗಿರಲಿ. ಕೂಲಿ ಗುತ್ತಿಗೆಯದಕ್ಕೆ ಒಂದು ಗುರುತು ಹಾಕಿಡಿ, ಅಷ್ಟೇ. ನೀವು ಬೇರೆಯವರಿಗೆ ಒಳಗುತ್ತಿಗೆ ಕೊಟ್ಟು ಮಾಡಿಸಿದ್ದನ್ನು ಬೇರೆ ಪುಟದಲ್ಲಿ ಬರೆಯಿರಿ. ಒಡೆದು ಮತ್ತೆ ಹಾಸಿದ್ದನ್ನು ಎರಡು ಸಲ ಎಣಿಸುವ ಹಾಗಿಲ್ಲ. ಅದಕ್ಕೆ ‘ರಿಪೇರಿ’ ಎಂಬ ಪ್ರತ್ಯೇಕ ಕಾಲಂ ಇರಲಿ, ಅಲ್ಲಿ ಖರ್ಚಾದ ಚೀಲ ಮತ್ತು ಆಳು ಬರೆಯಿರಿ. ಈ ಕಾಲಮ್ಮನ್ನು ತುಂಬಲು ಎಲ್ಲರಿಗೂ ಸಂಕೋಚ. ಆದರೆ ಬಿರುಕು ಬಿಟ್ಟ ನೆಲವನ್ನು ಒಟ್ಟು ಮೊತ್ತದೊಳಗೆ ಸೇರಿಸಿ ಮುಚ್ಚಿಟ್ಟರೆ ಆ ಮೊತ್ತ ಯಾವ ಕೆಲಸಕ್ಕೂ ಬಾರದು.

ಗುಣಮಟ್ಟದ ಬಗ್ಗೆ ಎರಡು ಸಂಗತಿ ಅದೇ ಪುಸ್ತಕದಲ್ಲಿ ಇರಬೇಕು. ಒಂದು, ಎಷ್ಟು ದಿನ ನೀರುಣಿಸಿದಿರಿ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಎಂದು ಐಎಸ್ 456 ಹೇಳುತ್ತದೆ; ಬಿಸಿಲು, ಒಣಹವೆ ಇರುವಲ್ಲೂ 10 ದಿನ. ಅಂಗಡಿಯಲ್ಲಿ ಸಿಗುವ ಚೀಲ ಹೆಚ್ಚಾಗಿ ಪಿಪಿಸಿಯೇ ಆದ್ದರಿಂದ 10 ದಿನವನ್ನೇ ಹಿಡಿಯಿರಿ. ಇನ್ನೊಂದು, ಕ್ಯೂಬು. ಅದೇ ಸಂಹಿತೆಯ ಪ್ರಕಾರ 5 ಘನ ಮೀಟರಿನವರೆಗೆ ಒಂದು ಮಾದರಿ, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು. ಒಂದೊಂದು ಮಾದರಿಗೆ ಮೂರು ಕ್ಯೂಬು, 28 ದಿನಕ್ಕೆ ಪರೀಕ್ಷೆ. ನಮ್ಮ 22.65 ಘನ ಮೀಟರಿನ ಕಣಕ್ಕೆ ಒಂಬತ್ತು ಕ್ಯೂಬು. ತೋಟದ ಕೆಲಸಕ್ಕೆ ಇದನ್ನು ಕೇಳುವವರು ಕಡಿಮೆ, ನಿಜ. ಆದರೂ ಹತ್ತಿರದ ಪಾಲಿಟೆಕ್ನಿಕ್ಕಿನಲ್ಲೋ ಎಂಜಿನಿಯರಿಂಗ್ ಕಾಲೇಜಿನಲ್ಲೋ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಿ. ಹಣ ಕೊಟ್ಟು ನಿಮ್ಮನ್ನು ನಂಬಿದವರಿಗೆ ನೀವು ಕೊಡಬೇಕಾದದ್ದು ಗಟ್ಟಿ ನೆಲ, ಕ್ಯೂಬಿನ ವರದಿ ಅದಕ್ಕೆ ಪುರಾವೆ.

ಕೆಲಸ ನಡೆಯದ ದಿನಗಳಿಗೂ ಒಂದು ಸಾಲು ಬೇಕು. ಇದನ್ನು ಬಿಡುವವರೇ ಹೆಚ್ಚು. ಮಳೆ, ಜಲ್ಲಿ ಬರಲಿಲ್ಲ, ಮಿಕ್ಸರ್ ಕೆಟ್ಟಿತು, ಮಾಲೀಕರು ಹಣ ಕೊಡಲಿಲ್ಲ, ಜನ ಊರಿಗೆ ಹೋದರು. ಕಾರಣವನ್ನು ಎರಡು ಪದದಲ್ಲಿ ಬರೆದಿಡಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನ ನೆಲಗೆಲಸ ಹೇಗೂ ಕುಂಟುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. ಆದರೆ ಮಳೆ ಬಿಟ್ಟ ಮೇಲೆ, ಕಾಫಿ ಕೊಯ್ಲಿಗೆ ಮುಂಚೆ ಕಣ ಮುಗಿಯಬೇಕೆಂದು ಎಲ್ಲ ತೋಟದವರೂ ಒಟ್ಟಿಗೆ ಕರೆಯುವ ಆ ಕೆಲವೇ ವಾರಗಳಲ್ಲಿ ಮಿಕ್ಸರ್ ಕೆಟ್ಟು ನಾಲ್ಕು ದಿನ ಹೋದದ್ದು ನಿಮ್ಮ ಕೈಯಲ್ಲಿರುವ ಸಂಗತಿ. ವರ್ಷದ ಕೊನೆಗೆ ಕಾರಣಗಳನ್ನು ಕೂಡಿ ನೋಡಿದರೆ ಮಳೆಗಾಲದಲ್ಲೇ ಮಿಕ್ಸರ್ ಸರ್ವಿಸ್ ಮಾಡಿಸಬೇಕೋ, ಮುಂಗಡ ಪಡೆಯದೆ ಕೆಲಸ ಹಿಡಿಯುವುದನ್ನು ನಿಲ್ಲಿಸಬೇಕೋ ತಾನಾಗಿ ತಿಳಿಯುತ್ತದೆ. ಮಳೆಗಾಲಕ್ಕೆ ಗೋದಾಮಿನ ಒಳನೆಲ, ಶೆಡ್ಡಿನೊಳಗಿನ ಟ್ರಿಮಿಕ್ಸ್ ಕೆಲಸ ಹುಡುಕಿಕೊಳ್ಳುವುದು ಜಾಣತನ. ಅಂಥ ಕೆಲಸ ಎಷ್ಟು ತುಂಬಬೇಕು ಎಂಬುದನ್ನೂ ಖಾಲಿ ದಿನಗಳ ಲೆಕ್ಕವೇ ಹೇಳುತ್ತದೆ.

ಆಳುಗಳ ಹಾಜರಿಯನ್ನು ಇದೇ ಪುಸ್ತಕಕ್ಕೆ ಜೋಡಿಸಿ ಎಂದು ಒತ್ತಿ ಹೇಳುತ್ತೇನೆ. ಅದಕ್ಕೆ ಲೆಕ್ಕಕ್ಕಿಂತ ದೊಡ್ಡ ಕಾರಣ ಇದೆ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು 18ರಿಂದ 60 ವರ್ಷದೊಳಗಿನ ಕಾರ್ಮಿಕರು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು, ಅದಕ್ಕೆ ದೃಢೀಕರಣವೂ ಬೇಕು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ನಿಮ್ಮಲ್ಲಿ ಬಾಂಡ್ಲಿ ಹೊರುವ ಹೆಣ್ಣುಮಕ್ಕಳ ಹತ್ತಿರ ತಾವು 90 ದಿನ ದುಡಿದದ್ದಕ್ಕೆ ಯಾವ ಕಾಗದವೂ ಇರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಅವರ ಪೂರ್ತಿ ಹೆಸರು, ದಿನ, ಸಹಿ ಅಥವಾ ಹೆಬ್ಬೆಟ್ಟು ಇದ್ದರೆ ನೀವು ದೃಢೀಕರಣ ಬರೆದುಕೊಡುವಾಗ ಅದಕ್ಕೆ ಬಲವಾದ ಆಧಾರ ಇರುತ್ತದೆ. ‘ಹೆಣ್ಣಾಳು 6’ ಎಂದು ಬರೆದರೆ ಆ ಆರು ಜನರಿಗೆ ಅದರಿಂದ ಏನೂ ಸಿಗುವುದಿಲ್ಲ. ಹೆಸರು ಬರೆಯಿರಿ.

ಇನ್ನು ವರ್ಷದ ಮೊತ್ತಕ್ಕೆ ಬರೋಣ. ತೆರಿಗೆ, ಬ್ಯಾಂಕು, ಟೆಂಡರು ಎಲ್ಲವೂ ಏಪ್ರಿಲ್ 1ರಿಂದ ಮಾರ್ಚ್ 31ರ ಲೆಕ್ಕದಲ್ಲಿ ನಡೆಯುವುದರಿಂದ ನಿಮ್ಮ ವರ್ಷವೂ ಅದೇ ಆಗಿರಲಿ. ತಿಂಗಳಿಗೊಂದು ಸಾಲು, ಹನ್ನೆರಡು ಸಾಲು, ಕೆಳಗೆ ಮೊತ್ತ. 4 ಅಂಗುಲದ ಅಂಗಳ, 6 ಅಂಗುಲದ ರಸ್ತೆ ಇವುಗಳಿಗೆ ಬೇರೆ ಬೇರೆ ಹಾಳೆ ಮಾಡಿ, ಇಲ್ಲದಿದ್ದರೆ ಮುಂದೆ ಹೇಳುವ ಭಾಗಾಕಾರಕ್ಕೆ ಅರ್ಥವಿರುವುದಿಲ್ಲ. ಮಾರ್ಚ್ 31ಕ್ಕೆ ಅರ್ಧವಾಗಿರುವ ಕೆಲಸದಲ್ಲಿ ಅಂದಿನವರೆಗೆ ಹಾಸಿದ್ದಷ್ಟೇ ಈ ವರ್ಷದ್ದು. ಬಿಲ್ಲು ಯಾವಾಗ ಪಾಸಾಯಿತು ಎಂಬುದು ಹಣದ ಪುಸ್ತಕದ ಮಾತು, ಇಲ್ಲಿ ಅದಕ್ಕೆ ಜಾಗವಿಲ್ಲ.

ಉದಾಹರಣೆಗೆ 4 ಅಂಗುಲದ ಹಾಳೆಯಲ್ಲಿ ವರ್ಷಕ್ಕೆ 42,000 ಚದರಡಿ, ಖರ್ಚಾದ ಕಾಂಕ್ರೀಟ್ 430 ಘನ ಮೀಟರ್ ಎಂದು ಬಂತು ಅನ್ನಿ. 430ನ್ನು 35.31ರಿಂದ ಗುಣಿಸಿ 42,000ದಿಂದ ಭಾಗಿಸಿ, 12ರಿಂದ ಗುಣಿಸಿದರೆ ಸರಾಸರಿ ದಪ್ಪ 4.34 ಅಂಗುಲ. ಬೇಕಾಗಿದ್ದದ್ದು 396 ಘನ ಮೀಟರ್. ಹೆಚ್ಚಿಗೆ ಹೋದದ್ದು 34 ಘನ ಮೀಟರಿನ ಹತ್ತಿರ, ನೂರಕ್ಕೆ ಎಂಟೂವರೆ. ಚೀಲದಲ್ಲಿ ಹೇಳಿದರೆ 270ರ ಆಸುಪಾಸು. ಯಾವ ಒಂದು ಸೈಟಿನಲ್ಲೂ ಇದು ಕಣ್ಣಿಗೆ ಬಿದ್ದಿರುವುದಿಲ್ಲ, ವರ್ಷದ ಮೊತ್ತದಲ್ಲಿ ಎದ್ದು ಕಾಣುತ್ತದೆ. ಆಗ ಹಿಂದಕ್ಕೆ ಹೋಗಿ ಯಾವ ಸೈಟಿನಲ್ಲಿ, ಯಾವ ನೆಲದಲ್ಲಿ ಹೆಚ್ಚಾಯಿತು ಎಂದು ದಿನದ ಸಾಲುಗಳಲ್ಲಿ ಹುಡುಕಿ. ಹಾಗೆಯೇ ಒಟ್ಟು ಚದರಡಿಯನ್ನು ಒಟ್ಟು ಆಳುದಿನಗಳಿಂದ ಭಾಗಿಸಿ. ನಮ್ಮ ಕಣವನ್ನು 14 ಜನ ಎರಡು ದಿನದಲ್ಲಿ ಮುಗಿಸಿದರೆ 28 ಆಳುದಿನ, ತಲಾ ಸುಮಾರು 85 ಚದರಡಿ. ಈ ಅಂಕಿ ಇನ್ನೊಬ್ಬರ ತಂಡಕ್ಕೆ ಹೊಂದುವುದಿಲ್ಲ. ಅದು ನಿಮ್ಮ ಜನ, ನಿಮ್ಮ ಮಿಕ್ಸರ್, ನಿಮ್ಮ ಕ್ರಮದ ಫಲ. ಹೆಚ್ಚು ಬರಲೆಂದು ಜನರನ್ನು ಓಡಿಸಬೇಡಿ. ಕಡಿಮೆ ಬಂದ ದಿನಗಳಲ್ಲಿ ಹೆಚ್ಚಾಗಿ ನೀರಿನ ಟ್ಯಾಂಕರು ತಡವಾಗಿರುತ್ತದೆ, ಇಲ್ಲವೇ ಜಲ್ಲಿಯ ರಾಶಿ ಮಿಕ್ಸರಿನಿಂದ ದೂರ ಬಿದ್ದಿರುತ್ತದೆ.

ಸರ್ಕಾರಿ ಟೆಂಡರಿಗೆ ಹೋಗುವ ಯೋಚನೆ ಇದ್ದರೆ ವರ್ಷದ ಅಂಕಿ ಇನ್ನೂ ಮುಖ್ಯ. ಕರ್ನಾಟಕದ ಕೆಡಬ್ಲ್ಯು-4 ನಮೂನೆಯ ಟೆಂಡರಿನಲ್ಲಿ ಯಾವುದಾದರೂ ಒಂದು ವರ್ಷದಲ್ಲಿ ಇಂತಿಷ್ಟು ಘನ ಮೀಟರ್ ಕಾಂಕ್ರೀಟ್ ಮಾಡಿರಬೇಕು ಎಂಬ ಅರ್ಹತೆ ಇರುತ್ತದೆ. ಟೆಂಡರ್ ಸಾಮರ್ಥ್ಯಕ್ಕೆ ಒಂದು ಸೂತ್ರವೂ ಇದೆ: ಹಿಂದಿನ ಐದು ವರ್ಷಗಳಲ್ಲಿ ಅತಿ ಹೆಚ್ಚು ಕೆಲಸವಾದ ಒಂದು ವರ್ಷದ ಮೊತ್ತವನ್ನು, ಇಂದಿನ ದರಕ್ಕೆ ಏರಿಸಿ, ಹೊಸ ಕೆಲಸದ ಅವಧಿಯಿಂದಲೂ ಒಂದೂವರೆಯಿಂದಲೂ ಗುಣಿಸಿ, ಆ ಅವಧಿಯಲ್ಲಿ ಮಾಡಬೇಕಾಗಿ ಕೈಯಲ್ಲಿ ಉಳಿದಿರುವ ಕೆಲಸವನ್ನು ಕಳೆಯುವುದು. ನಿಮ್ಮ ಉತ್ತಮ ವರ್ಷ 60 ಲಕ್ಷ, ಹೊಸ ಕೆಲಸಕ್ಕೆ ಆರು ತಿಂಗಳು, ಕೈಯಲ್ಲಿ 20 ಲಕ್ಷದ ಕೆಲಸ ಇದ್ದರೆ 60ರ ಅರ್ಧ 30, ಅದರ ಒಂದೂವರೆ ಪಟ್ಟು 45, 20 ಕಳೆದರೆ 25 ಲಕ್ಷ. ಅದೇ 60ರಲ್ಲಿ 40 ಲಕ್ಷಕ್ಕಷ್ಟೇ ದಾಖಲೆ ಇದ್ದರೆ ಉಳಿಯುವುದು 10 ಲಕ್ಷ. ಮಾಡಿದ ಕೆಲಸ ಅಷ್ಟೇ, ದಾಖಲೆ ಇಲ್ಲದ್ದಕ್ಕೆ ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿಯಿತು. ಆದ್ದರಿಂದ ಪ್ರತಿ ಸರ್ಕಾರಿ ಕೆಲಸ ಮುಗಿದ ಕೂಡಲೇ ಪ್ರಮಾಣಪತ್ರ ಕೇಳಿ ಪಡೆಯಿರಿ. ಅದರಲ್ಲಿ ಮೊತ್ತದ ಜೊತೆ ಕಾಂಕ್ರೀಟಿನ ಪರಿಮಾಣ ಮತ್ತು ವರ್ಷ ಇರಲಿ. ಎಂಜಿನಿಯರ್ ವರ್ಗವಾಗಿ ಹೋದ ಮೇಲೆ ಇದನ್ನು ಪಡೆಯಲು ಅಲೆಯಬೇಕಾಗುತ್ತದೆ.

ದಿನನಿತ್ಯ ಈ ಪುಸ್ತಕ ಉಪಯೋಗಕ್ಕೆ ಬರುವುದು ದರ ಹೇಳುವಾಗ. ತೀರ್ಥಹಳ್ಳಿ ಕಡೆಯವರೊಬ್ಬರು 5,000 ಚದರಡಿಯ ಅಡಿಕೆ ಅಂಗಳಕ್ಕೆ, 4 ಅಂಗುಲಕ್ಕೆ, ದರ ಕೇಳಿದರು ಎಂದುಕೊಳ್ಳಿ. ಲೆಕ್ಕದ ಪ್ರಕಾರ 47.2 ಘನ ಮೀಟರ್. ಹೋದ ವರ್ಷ ನಿಮ್ಮಲ್ಲಿ ನೂರಕ್ಕೆ ಎಂಟೂವರೆ ಹೆಚ್ಚು ಹೋಗಿದೆ, ಆದ್ದರಿಂದ 51 ಹಿಡಿಯಿರಿ. ಎಂ-20 ಆದರೆ 408 ಚೀಲ. ತಲಾ 85 ಚದರಡಿಯಂತೆ 59 ಆಳುದಿನ, 14 ಜನರ ತಂಡಕ್ಕೆ ನಾಲ್ಕು ದಿನ ಮೀರಿ ಐದನೇ ದಿನಕ್ಕೆ ಕಾಲಿಡುತ್ತದೆ. ಹೋದ ವರ್ಷ ಅದೇ ತಿಂಗಳಲ್ಲಿ ಎಷ್ಟು ದಿನ ಖಾಲಿ ಹೋಗಿತ್ತು ಎಂದು ನೋಡಿ, ಮುಗಿಸುವ ತಾರೀಖನ್ನು ಅದಕ್ಕೆ ತಕ್ಕಂತೆ ಹೇಳಿ. ಹತ್ತು ದಿನ ನೀರುಣಿಸುವ ಆಳಿನ ಕೂಲಿ ಸೇರಿಸಿ. ಪಕ್ಕದವರು ಎಷ್ಟು ಹೇಳಿದ್ದಾರೆಂದು ಕೇಳುವ ಮೊದಲೇ ನಿಮ್ಮ ದರ ಕಾಗದದ ಮೇಲೆ ಬಂದಿರುತ್ತದೆ, ಮಾಲೀಕರು ಚೌಕಾಸಿಗೆ ಇಳಿದರೆ ಎಲ್ಲಿಯವರೆಗೆ ಇಳಿಯಬಹುದು ಎಂಬುದೂ ಅದರಲ್ಲೇ ಇರುತ್ತದೆ.